ಖಾಲಿ ಹಾಳೆಯ ಹೆದರಿಕೆ

ಫೆಬ್ರವರಿ ಬಂತೆಂದರೆ ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಒಂದೇ ಮಾತು. "ಬೇರೆ ಸಬ್ಜೆಕ್ಟ್ ಎಲ್ಲಾ ಪರವಾಗಿಲ್ಲ ಮೇಡಂ, ಮ್ಯಾಥ್ಸ್ ಒಂದೇ ಭಯ." ಅಷ್ಟರಲ್ಲಿ ಪ್ರಿಪರೇಟರಿ ಪರೀಕ್ಷೆ ಮುಗಿದಿರುತ್ತದೆ. ಅಂಕ ನೋಡಿ ಅಪ್ಪ ಗದರಿರುತ್ತಾರೆ, ಅಮ್ಮ ಸಮಾಧಾನ ಹೇಳಿರುತ್ತಾರೆ. ಹೆದರಬೇಡ, ಧೈರ್ಯವಾಗಿರು, ನಿನ್ನ ಕೈಲಿ ಆಗುತ್ತೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಬರೀ ಈ ಮಾತಿನಿಂದ ಹೆದರಿಕೆ ಇಳಿದ ಮಗುವನ್ನು ನಾನಂತೂ ಕಂಡಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಇಷ್ಟು ವರ್ಷ ಮಕ್ಕಳ ಜೊತೆ ಕೂತು ನನಗೆ ಗಟ್ಟಿಯಾಗಿ ಅನಿಸಿರುವುದು ಇದು: ಲೆಕ್ಕದ ಹೆದರಿಕೆಯಲ್ಲಿ ಬಹುಪಾಲು ಸುಮ್ನೆ ಹುಟ್ಟಿದ್ದಲ್ಲ. ಮಗುವಿಗೆ ತನ್ನ ಬಗ್ಗೆ ಒಂದು ವಿಷಯ ಸರಿಯಾಗಿಯೇ ಗೊತ್ತಿರುತ್ತದೆ. ಬೋರ್ಡ್ ಮೇಲೆ ಮೇಡಂ ಮಾಡುವಾಗ ಅರ್ಥವಾದ ಲೆಕ್ಕ, ಒಬ್ಬನೇ ಖಾಲಿ ಹಾಳೆಯ ಮುಂದೆ ಕೂತಾಗ ಬರುವುದಿಲ್ಲ ಎಂಬುದು. ವರ್ಷವಿಡೀ ಹಾಗೆ ಒಬ್ಬನೇ ಕೂತು ಅಭ್ಯಾಸವೇ ಇರುವುದಿಲ್ಲ. ಮೊದಲ ಸಲ ಹಾಗೆ ಕೂರುವುದು ಪರೀಕ್ಷೆಯ ಕೊಠಡಿಯಲ್ಲಿ. ಹೆದರದೆ ಏನು ಮಾಡುತ್ತದೆ?

ಆದ್ದರಿಂದ ಹೆದರಿಕೆ ಕಡಿಮೆ ಮಾಡುವುದು ಅಂದರೆ ನನ್ನ ಪ್ರಕಾರ ಮೊದಲ ಕೆಲಸ ಆ ಖಾಲಿ ಹಾಳೆಯನ್ನು ಪರಿಚಯದ್ದಾಗಿ ಮಾಡುವುದು. ಸಣ್ಣ ಸಣ್ಣ ಹಾಳೆ, ದಿನವೂ, ಅಂಕ ಹಾಕದೆ.

ಹೆದರಿಕೆ ಲೆಕ್ಕವನ್ನು ಹೇಗೆ ಕೆಡಿಸುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ. ಅದು ತಿಳಿದರೆ "ನನಗೆ ಬುದ್ಧಿ ಇಲ್ಲ" ಎಂಬ ಕೊರಗು ಅರ್ಧ ಇಳಿಯುತ್ತದೆ. ನಮ್ಮ ತಲೆಯೊಳಗೆ ಆ ಕ್ಷಣದ ಕೆಲಸಕ್ಕೆ ಒಂದು ಪುಟ್ಟ ಸ್ಲೇಟು ಇದೆ ಅಂದುಕೊಳ್ಳಿ. 47ಕ್ಕೆ 38 ಕೂಡಿಸುವಾಗ ದಶಕ 1 ಅನ್ನು ನೆನಪಿಟ್ಟುಕೊಳ್ಳುತ್ತೇವಲ್ಲ, ಅದು ಬರೆದಿರುವುದು ಆ ಸ್ಲೇಟಿನ ಮೇಲೆ. ಅದರಲ್ಲಿ ಜಾಗ ಬಹಳ ಕಮ್ಮಿ. ಫೇಲ್ ಆದರೆ ಏನು, ಅಪ್ಪ ಏನಂತಾರೆ, ಪಕ್ಕದವಳು ಆಗಲೇ ಅಡಿಷನಲ್ ಶೀಟ್ ಕೇಳ್ತಿದ್ದಾಳಲ್ಲ — ಇವೂ ಅದೇ ಸ್ಲೇಟಿನ ಮೇಲೆ ಬಂದು ಕೂರುತ್ತವೆ. ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ.

ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನೇ ಕಂಡರು. ಕೆಲವು ಅಕ್ಷರಗಳನ್ನು ನೆನಪಿಟ್ಟುಕೊಂಡೇ ಕೂಡುವ ಲೆಕ್ಕ ಮಾಡಿ ಅಂದಾಗ, ಗಣಿತದ ಆತಂಕ ಜಾಸ್ತಿ ಇರುವವರು ಹೆಚ್ಚು ತಪ್ಪು ಮಾಡಿದರು. ಅದರಲ್ಲೂ ದಶಕ ಒಯ್ಯುವ ಲೆಕ್ಕಗಳಲ್ಲಿ. "ಎಲ್ಲಾ ಓದಿದ್ದೆ, ಪೇಪರ್ ನೋಡಿದ ತಕ್ಷಣ ಮರೆತುಹೋಯ್ತು" ಎಂದು ಮಗು ಅಳುವಾಗ ಅದು ನೆಪ ಹೇಳುತ್ತಿಲ್ಲ. ನಿಜವಾಗಿಯೂ ಆಗಿದ್ದು ಅದೇ.

ಹಾಗಾದರೆ ಸ್ಲೇಟಿನ ಮೇಲಿನ ಭಾರ ಇಳಿಸುವುದು ಹೇಗೆ? ತಲೆಯಲ್ಲಿರುವುದನ್ನು ಹಾಳೆಗೆ ಇಳಿಸಬೇಕು. ಹೇಳುವುದು ಸುಲಭ, ಮಾಡಿಸುವುದಕ್ಕೆ ಪಕ್ಕದಲ್ಲಿ ಕೂರಬೇಕಾಗುತ್ತದೆ. ಒಂದು ಮಧ್ಯಾಹ್ನದ ಕತೆ ಹೇಳುತ್ತೇನೆ.

ಸಮಾಂತರ ಶ್ರೇಢಿ, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲಿನ ಪಾಠ ಮುಗಿದಿತ್ತು. ಒಬ್ಬ ಹುಡುಗಿಯ ನೋಟ್ಸ್ ಇಡೀ ತರಗತಿಗೇ ಅಂದ. ಸ್ಕೇಲ್ ಇಟ್ಟು ಎಳೆದ ಗೆರೆ, ಸೂತ್ರಗಳಿಗೆಲ್ಲ ಕೆಂಪು ಬಾಕ್ಸ್. ಅವಳಿಗೆ ಒಂದು ಖಾಲಿ ಹಾಳೆ ಕೊಟ್ಟು, ಪುಸ್ತಕದಲ್ಲೇ ಇರುವ ಲೆಕ್ಕ ಕೊಟ್ಟೆ: 3ರಿಂದ ಭಾಗವಾಗುವ ಎರಡಂಕಿಯ ಸಂಖ್ಯೆಗಳು ಎಷ್ಟು? ಅವಳು ಬೇಗ ಬೇಗ ಮೊದಲ ಪದ a = 3 ಎಂದು ಬರೆದಳು. ಪೆನ್ನು ಅಲ್ಲೇ ನಿಂತಿತು. ಎಡಗೈ ಪೆನ್ಸಿಲ್ ಬಾಕ್ಸಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿತ್ತು. "ಮರೆತುಹೋಗಿದೆ ಮೇಡಂ" ಅಂದಳು.

"ಸೂತ್ರ ಬಿಡು. ಒಂದು ಎರಡಂಕಿಯ ಸಂಖ್ಯೆ ಹೇಳು."

"ಹತ್ತು."

"3ರಿಂದ ಭಾಗ ಹೋಗುತ್ತಾ?"

"ಇಲ್ಲ… ಹನ್ನೊಂದೂ ಇಲ್ಲ. ಹನ್ನೆರಡು!"

"ಅದನ್ನ ಬರಿ. ಮುಂದಿನವನ್ನೂ ಬರಿ."

12, 15, 18 ಎಂದು ಬರೆಯುತ್ತಾ ಹೋದಳು. ನಾಲ್ಕನೆಯದು ಬರೆಯುವ ಮೊದಲೇ ಮುಖ ಬದಲಾಯಿತು. a = 3 ಹೊಡೆದುಹಾಕಿ a = 12 ಮಾಡಿದಳು. ಅಂತರ d = 3. ಕೊನೆಯದು ಯಾವುದು ಎಂದು ನಾನು ಕೇಳಲೇ ಇಲ್ಲ, ಅವಳೇ 99 ಎಂದು ಬರೆದಳು. ಮರೆತುಹೋಗಿದೆ ಅಂದಿದ್ದ ಸೂತ್ರ ಆಗ ತಾನಾಗಿ ಬಂತು. 99 = 12 + (n – 1)3. 12 ಕಳೆದರೆ 87, ಮೂರರಿಂದ ಭಾಗಿಸಿದರೆ 29. ಅಲ್ಲಿಗೇ ಉತ್ತರದ ಕೆಳಗೆ ಎರಡು ಗೆರೆ ಎಳೆಯಲು ಸ್ಕೇಲ್ ತೆಗೆದಳು. "29 ಯಾವುದರ ಬೆಲೆ?" ಅಂದೆ. ನೋಡಿದಳು. n – 1. ಹಾಗಾಗಿ n = 30.

ಆಮೇಲೆ ಇನ್ನೊಂದು ದಾರಿಯಲ್ಲಿ ತಾಳೆ ನೋಡಿಸಿದೆ. 99ರವರೆಗೆ 3ರ ಅಪವರ್ತ್ಯಗಳು 33. ಅದರಲ್ಲಿ 3, 6, 9 ಒಂದಂಕಿಯವು. ತೆಗೆದರೆ 30. ಇಷ್ಟು ಹೊತ್ತಿಗೆ ಅವಳ ಎಡಗೈ ಪೆನ್ಸಿಲ್ ಬಾಕ್ಸ್ ಬಿಟ್ಟು ಹಾಳೆಯನ್ನು ಒತ್ತಿ ಹಿಡಿದಿತ್ತು.

ಇಲ್ಲಿ ನಾನು ಸೂತ್ರ ನೆನಪಿಸಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಸಿಕ್ಕಿಹಾಕಿಕೊಂಡಾಗ ಕೈಗೆ ಏನು ಕೆಲಸ ಕೊಡಬೇಕು ಎಂದಷ್ಟೇ ತೋರಿಸಿದೆ. ಒಂದು ಉದಾಹರಣೆ ಬರಿ, ಚಿತ್ರ ಹಾಕು, ಕೊಟ್ಟಿರುವುದನ್ನು ಸಾಲಾಗಿ ಇಳಿಸು. ಪ್ರಮೇಯ ಬಂದರೆ ಮೊದಲು ಚಿತ್ರ, ದತ್ತ, ಸಾಧನೀಯ. ಇಷ್ಟಕ್ಕೆ ಯಾವ ನೆನಪೂ ಬೇಡ, ಪ್ರಶ್ನೆಯಲ್ಲೇ ಎಲ್ಲ ಇರುತ್ತದೆ. ನಮ್ಮ ಮೌಲ್ಯಮಾಪನದಲ್ಲಿ ಹಂತಕ್ಕೆ ಅಂಕವಿದೆ. ಹಾಗಾಗಿ ಈ ಸಾಲುಗಳಿಗೂ ಅಂಕ ಸಿಗುತ್ತದೆ. ಆದರೆ ಅಂಕಕ್ಕಿಂತ ದೊಡ್ಡ ಲಾಭವೆಂದರೆ ಪೆನ್ನು ಓಡುತ್ತಿರುತ್ತದೆ. ಪೆನ್ನು ನಿಂತ ಕೂಡಲೇ ಗಾಬರಿ ಒಳಗೆ ಬರುತ್ತದೆ.

ಓದುವ ರೀತಿಯ ಬಗ್ಗೆ ನನಗೆ ಜಾಸ್ತಿ ಹೇಳಲಿಕ್ಕಿದೆ. ನಮ್ಮ ಮಕ್ಕಳು ಗಣಿತವನ್ನು "ಓದುತ್ತಾರೆ". ಬಿಡಿಸಿದ ಲೆಕ್ಕದ ಮೇಲೆ ಕಣ್ಣಾಡಿಸಿ, ಹೌದು ಗೊತ್ತಿದೆ, ಮುಂದೆ. ಗೈಡ್ ಇದ್ದರಂತೂ ಇನ್ನೂ ಸುಲಭ. ಓದುವಾಗ ಎಲ್ಲ ನೀರು ಕುಡಿದಷ್ಟು ಸಲೀಸು. ಈ ಸಲೀಸೇ ಮೋಸ ಮಾಡುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಸಂಶೋಧಕರು 2006ರಲ್ಲಿ ವಿದ್ಯಾರ್ಥಿಗಳಿಗೆ ಗದ್ಯದ ತುಣುಕುಗಳನ್ನು ಕೊಟ್ಟು ನೋಡಿದರು. ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಒಮ್ಮೆ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆದರು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ಬರೆದವರು ಮುಂದು. ಆದರೂ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ನಂಬಿಕೆ ಜಾಸ್ತಿ ಇದ್ದದ್ದು ಬರೀ ಓದಿದವರಿಗೆ. ಅದು ಗದ್ಯದ ಮಾತು. ಲೆಕ್ಕದಲ್ಲಿ ನಾನು ದಿನವೂ ಇದನ್ನೇ ನೋಡುತ್ತೇನೆ.

ಮಕ್ಕಳಿಗೆ ನಾನು ಹೇಳುವುದು: ಪುಸ್ತಕದ ಉದಾಹರಣೆಯ ಪ್ರಶ್ನೆ ಮಾತ್ರ ಓದು. ಉತ್ತರದ ಮೇಲೆ ಹಾಳೆ ಮುಚ್ಚು. ನಿನ್ನ ಕೈಲಿ ಎಷ್ಟು ಸಾಲು ಆಗುತ್ತೋ ಅಷ್ಟು ಬರಿ. ಸಿಕ್ಕಿಹಾಕಿಕೊಂಡೆಯಾ? ಮುಚ್ಚಿದ ಹಾಳೆಯನ್ನು ಒಂದೇ ಒಂದು ಸಾಲು ಕೆಳಗೆ ಸರಿಸು. ನೋಡಿ ಮತ್ತೆ ಮುಚ್ಚು. ನಾಳೆ ಅದೇ ಲೆಕ್ಕ ಮತ್ತೆ ಮಾಡು. ನಾಳೆ ಎಷ್ಟು ಸಲ ಹಾಳೆ ಸರಿಸಬೇಕಾಯಿತು ನೋಡು. ಸರಿಸುವುದು ಕಮ್ಮಿಯಾಗುತ್ತಾ ಹೋಗುವುದನ್ನು ಮಗು ತನ್ನ ಕಣ್ಣಾರೆ ನೋಡಬೇಕು. ಆಗ ಬರುವ ಧೈರ್ಯಕ್ಕೆ ಬುಡ ಇರುತ್ತದೆ.

ಇನ್ನೊಂದು ತೊಡಕಿದೆ. ಪುಸ್ತಕದಲ್ಲಿ ವರ್ಗ ಸಮೀಕರಣದ ಅಭ್ಯಾಸ ತೆರೆದರೆ ಅಲ್ಲಿರುವುದೆಲ್ಲ ವರ್ಗ ಸಮೀಕರಣವೇ. ಯಾವ ವಿಧಾನ ಅಂತ ಯೋಚಿಸುವ ಅಗತ್ಯವೇ ಇಲ್ಲ, ಪಾಠದ ಹೆಸರೇ ಹೇಳಿಕೊಟ್ಟಿರುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆಯ ಪಕ್ಕ ಪಾಠದ ಹೆಸರು ಇರುವುದಿಲ್ಲ. "ಒಂದು ಗೋಪುರದ ಬುಡದಿಂದ…" ಎಂದು ಶುರುವಾದರೆ ಅದು ತ್ರಿಕೋನಮಿತಿಯೋ, ಸಮರೂಪ ತ್ರಿಭುಜವೋ? ಹೆಚ್ಚಿನ ಮಕ್ಕಳು ಗಾಬರಿಯಾಗುವುದು ಲೆಕ್ಕ ಮಾಡುವಾಗ ಅಲ್ಲ, ಇದು ಯಾವುದು ಎಂದು ಗುರುತಿಸುವಾಗ. ಡಗ್ ರೋಹ್ರರ್ ಮತ್ತು ಸಂಗಡಿಗರು ಫ್ಲಾರಿಡಾದ ಏಳನೇ ತರಗತಿಯ ಮಕ್ಕಳ ಜೊತೆ ಮಾಡಿದ ಅಧ್ಯಯನ 2015ರಲ್ಲಿ ಬಂತು. ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಬೆರೆಸಿ ಅಭ್ಯಾಸ ಮಾಡಿದಾಗ ಒಂದು ತಿಂಗಳ ನಂತರವೂ ಮಕ್ಕಳು ಅದನ್ನು ಚೆನ್ನಾಗಿ ಉಳಿಸಿಕೊಂಡಿದ್ದರು. ಒಂದೇ ಬಗೆಯದನ್ನು ಗುಂಪಾಗಿ ಮಾಡಿದ್ದು ಅಷ್ಟು ಉಳಿದಿರಲಿಲ್ಲ.

ನಮ್ಮ ತರಗತಿಯಲ್ಲಿ ಇದಕ್ಕೆ ಒಂದು ಹಳೆಯ ಬಿಸ್ಕತ್ ಡಬ್ಬಿ ಇದೆ. ಮುಗಿದ ಪಾಠಗಳ ಲೆಕ್ಕಗಳನ್ನು ಮಕ್ಕಳೇ ಚೀಟಿಯಲ್ಲಿ ಬರೆದು ಹಾಕುತ್ತಾರೆ. ಪಾಠದ ಹೆಸರು ಬರೆಯುವಂತಿಲ್ಲ. ದಿನವೂ ತರಗತಿ ಶುರುವಾಗುವಾಗ ಒಬ್ಬರು ನಾಲ್ಕು ಚೀಟಿ ಎತ್ತುತ್ತಾರೆ. ಎಷ್ಟೋ ದಿನ ಬಿಡಿಸುವುದೂ ಇಲ್ಲ. ಇದು ಯಾವ ಪಾಠದ್ದು, ಯಾಕೆ ಹಾಗನಿಸಿತು, ಮೊದಲ ಸಾಲು ಏನು ಬರೆಯುತ್ತೀರಿ, ಅಷ್ಟೇ. ಉತ್ತರ ತಪ್ಪಾದರೆ ಯಾರೂ ನಗುವಂತಿಲ್ಲ. ಅಂಕ ಇಲ್ಲ, ರ‍್ಯಾಂಕ್ ಇಲ್ಲ, ಪೋಷಕರ ಸಹಿ ಇಲ್ಲ. ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗರು ಮೊದಲು ಮಾತಾಡಿದ್ದು ಈ ಡಬ್ಬಿಯ ಎದುರು. ಮನೆಯಲ್ಲೂ ಇದನ್ನು ಮಾಡಬಹುದು. ಒಂದು ಡಬ್ಬಿ, ಹಳೆ ನೋಟ್‌ಬುಕ್ಕಿನ ಹಾಳೆ ಸಾಕು.

ಈಗ ಸ್ವಲ್ಪ ಕಹಿ ಮಾತು. ಎಷ್ಟೋ ಮಕ್ಕಳ ಹೆದರಿಕೆಯ ಬೇರು ಹತ್ತನೇ ತರಗತಿಯಲ್ಲಿ ಇರುವುದೇ ಇಲ್ಲ. ಬಹುಪದೋಕ್ತಿ ಬರಲ್ಲ ಅನ್ನುವ ಹುಡುಗನನ್ನು ಕೂರಿಸಿಕೊಂಡು ನೋಡಿದರೆ –7 + 3 ಎಷ್ಟು ಅನ್ನುವಲ್ಲಿ ಎಡವುತ್ತಾನೆ. ಭಿನ್ನರಾಶಿ ಕೂಡಲು ಬರುವುದಿಲ್ಲ. ಮಗ್ಗಿ ಏಳರವರೆಗೆ ಮಾತ್ರ. ಐದು, ಆರನೇ ತರಗತಿಯಲ್ಲಿ ಬಿಟ್ಟುಹೋದದ್ದು ವರ್ಷವರ್ಷ ಹಾಗೇ ಬಂದಿದೆ. ಅವನಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಏನು ಬಂತು? ಅವನಿಗೆ ಬೇಕಿರುವುದು ದಿನಕ್ಕೆ ಕಾಲು ಗಂಟೆ ಋಣ ಸಂಖ್ಯೆ, ಕಾಲು ಗಂಟೆ ಭಿನ್ನರಾಶಿ. ಅದೂ ಉಳಿದವರ ಮುಂದೆ ಅಲ್ಲ. ಹತ್ತನೇ ಕ್ಲಾಸಿನ ಹುಡುಗ ಆರನೇ ಕ್ಲಾಸಿನ ಲೆಕ್ಕ ಮಾಡುವುದು ಅವನಿಗೆ ಎಷ್ಟು ಅವಮಾನ ಅನಿಸುತ್ತದೆ ಎಂಬುದನ್ನು ನಾವು ದೊಡ್ಡವರು ಅರ್ಥ ಮಾಡಿಕೊಳ್ಳಬೇಕು. ಒಬ್ಬೊಬ್ಬರನ್ನೇ ಕರೆದು, ಸದ್ದಿಲ್ಲದೆ ಮಾಡಿಸಿದರೆ ಬಹಳ ಬೇಗ ಮೇಲೆ ಬರುತ್ತಾರೆ. ವಯಸ್ಸು ಅವರ ಕಡೆಗಿದೆ. ಹತ್ತು ವರ್ಷಕ್ಕೆ ಕಷ್ಟವಾಗಿದ್ದು ಹದಿನೈದಕ್ಕೆ ಅಷ್ಟು ಕಷ್ಟವಲ್ಲ.

ಪಾಸಾಗುವಷ್ಟಕ್ಕೆ ಆರಿಸಿಕೊಟ್ಟ ಲೆಕ್ಕಗಳ ಪಾಸಿಂಗ್ ಪ್ಯಾಕೇಜ್ ಬಗ್ಗೆಯೂ ಹೇಳಿಬಿಡುತ್ತೇನೆ. ನಕ್ಷೆಯ ಮೂಲಕ ಬಿಡಿಸುವ ಲೆಕ್ಕ, ಥೇಲ್ಸ್ ಪ್ರಮೇಯ, ಬಾಹ್ಯಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬ ಪ್ರಮೇಯ, ಸಂಖ್ಯಾಶಾಸ್ತ್ರದ ಸರಾಸರಿ ಇಂಥವನ್ನು ಆರಿಸಿ ತಿದ್ದಿಸುವುದನ್ನು ಕೆಲವರು ಹೀಗಳೆಯುತ್ತಾರೆ. ನಾನು ಹೀಗಳೆಯುವುದಿಲ್ಲ. ಏನೂ ಬರಲ್ಲ ಅಂದುಕೊಂಡ ಮಗುವಿಗೆ ಇಷ್ಟು ನನ್ನ ಕೈಲಿದೆ ಅನ್ನುವ ನೆಲೆ ಅದರಿಂದ ಸಿಗುತ್ತದೆ. ಆದರೆ ಡಿಸೆಂಬರಿನಲ್ಲೇ "ನಿನಗೆ ಇಷ್ಟೇ ಸಾಕು" ಎಂದು ಮಗುವಿನ ಮುಖದ ಮೇಲೆ ಹೇಳಿಬಿಡುವುದು ತಪ್ಪು. ಆ ಮಾತು ಕೇಳಿದ ಮಗು ಉಳಿದ ಪಾಠಗಳ ಪುಟ ತಿರುವಿ ನೋಡುವುದೂ ಇಲ್ಲ.

ಪ್ರಶ್ನೆಪತ್ರಿಕೆಯ ಆಕಾರ ಗೊತ್ತಿದ್ದರೂ ಅರ್ಧ ಭಯ ಹೋಗುತ್ತದೆ. ಎಸ್ಸೆಸ್ಸೆಲ್ಸಿ ಗಣಿತ ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ. ಈಚಿನ ವರ್ಷಗಳ ಪತ್ರಿಕೆಯಲ್ಲಿ 38 ಪ್ರಶ್ನೆ. ಮೊದಲ 16 ಒಂದೊಂದು ಅಂಕದವು, ಆಮೇಲೆ ಎರಡು, ಮೂರು, ನಾಲ್ಕು ಅಂಕದವು, ಕೊನೆಗೆ ಒಂದೇ ಒಂದು 5 ಅಂಕದ್ದು. ಸಮಯ 3 ಗಂಟೆ 15 ನಿಮಿಷ, ಅದರಲ್ಲಿ ಮೊದಲ 15 ನಿಮಿಷ ಪ್ರಶ್ನೆ ಓದಲು. ಬರೆಯಲು ಉಳಿಯುವ 180 ನಿಮಿಷವನ್ನು 80ಕ್ಕೆ ಹಂಚಿದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ನಾಲ್ಕು ಅಂಕದ ಪ್ರಮೇಯಕ್ಕೆ 9 ನಿಮಿಷ. ಈ ಲೆಕ್ಕವನ್ನು ಮಕ್ಕಳ ಕೈಲೇ ಮಾಡಿಸಿ. "ಟೈಮ್ ಸಾಕಾಗಲ್ಲ" ಅನ್ನುವವರು 9 ನಿಮಿಷ ಗಡಿಯಾರ ಇಟ್ಟು ಒಂದು ಪ್ರಮೇಯ ಬರೆದು ನೋಡಲಿ. ಬಂದದ್ದನ್ನು ಬರೆಯಲು ಸಮಯ ಧಾರಾಳವಾಗಿದೆ ಎಂದು ಅವರಿಗೇ ತಿಳಿಯುತ್ತದೆ. ಸಮಯ ತಿನ್ನುವುದು ಬಾರದ ಒಂದು ಲೆಕ್ಕದ ಜೊತೆ ಹಟ ಹಿಡಿದು ಕೂರುವುದು.

ಹಾಗಾಗಿ ಆ 15 ನಿಮಿಷಕ್ಕೆ ಒಂದು ಕೆಲಸವಿದೆ. ಪೂರ್ತಿ ಪತ್ರಿಕೆ ಓದಿ ಮನಸ್ಸಿನಲ್ಲೇ ಮೂರು ಪಾಲು ಮಾಡಿಕೊಳ್ಳುವುದು. ಖಂಡಿತ ಬರುವವು, ಸ್ವಲ್ಪ ಯೋಚಿಸಿದರೆ ಬರುವವು, ಸದ್ಯಕ್ಕೆ ಬಾರದವು. ಬರೆಯಲು ಶುರು ಮಾಡುವುದು ಖಂಡಿತ ಬರುವುದರಿಂದ. ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿದರೆ ಕ್ರಮ ತಪ್ಪಿದರೂ ತೊಂದರೆಯಿಲ್ಲ. ಇದನ್ನು ಮಾದರಿ ಪತ್ರಿಕೆ ಇಟ್ಟುಕೊಂಡು ಮೊದಲೇ ಅಭ್ಯಾಸ ಮಾಡಬೇಕು. ಬರೆಯದಿದ್ದರೂ ಪರವಾಗಿಲ್ಲ, ಬರೀ 15 ನಿಮಿಷ ಓದಿ ಪಾಲು ಮಾಡುವ ಅಭ್ಯಾಸ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಕಾರಣಗಳ ಬಗ್ಗೆ ಬಹಳ ಚರ್ಚೆ ನಡೆಯಿತು. ನನಗೆ ಮುಖ್ಯವಾಗಿ ಕಂಡದ್ದು ಮಕ್ಕಳು. ಪಕ್ಕದವರ ಹಾಳೆ, ಮೇಲ್ವಿಚಾರಕರ ಕನಿಕರ ಯಾವುದೋ ಒಂದು ಕೈ ಹಿಡಿಯುತ್ತದೆ ಎಂದು ನಂಬಿ ಬಂದವರು ಆ ದಿನ ನಿಜಕ್ಕೂ ಒಬ್ಬರೇ ಕೂತರು. ಅದಕ್ಕೆ ಮಕ್ಕಳನ್ನು ಬೈದು ಫಲವಿಲ್ಲ. ಒಬ್ಬರೇ ಕೂರುವುದನ್ನು ನಾವು ಕಲಿಸಬೇಕಿತ್ತು, ಅಲ್ವಾ? ಅದೇ ವರ್ಷ ಒಂದು ಒಳ್ಳೆಯದೂ ಆಯಿತು. ಪರೀಕ್ಷೆ-1, ಪರೀಕ್ಷೆ-2 ಎಂದು ಅದೇ ವರ್ಷ ಮತ್ತೆ ಬರೆಯುವ ಅವಕಾಶ ಬಂತು. ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಇದನ್ನು ಪ್ರತಿ ಮಗುವಿಗೂ ಮೊದಲೇ, ಬಿಡಿಸಿ ಹೇಳಿ. ಮಾರ್ಚ್‌ನ ಒಂದು ಬೆಳಿಗ್ಗೆಗೆ ಇಡೀ ಬದುಕು ನೇತುಹಾಕಿಲ್ಲ ಎಂಬುದು ಈಗ ಬರೀ ಸಮಾಧಾನದ ಮಾತಲ್ಲ, ನಿಯಮ.

ಆತಂಕವನ್ನು ಬರೆದು ಹೊರಹಾಕುವ ಬಗ್ಗೆ ಎಷ್ಟೋ ಶಿಕ್ಷಕರು ಕೇಳುತ್ತಾರೆ. ಜೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರೀಕ್ಷೆಗೆ ಮೊದಲು ಹತ್ತು ನಿಮಿಷ ತಮ್ಮ ಚಿಂತೆಗಳನ್ನು ಬರೆದ ವಿದ್ಯಾರ್ಥಿಗಳು ಚೆನ್ನಾಗಿ ಮಾಡಿದರು. ಅದು ಬಹಳ ಹೆಸರಾಯಿತು. 2018ರಲ್ಲಿ ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲ ಕಾಣಲಿಲ್ಲ. ಹಾಗಾಗಿ ಅದನ್ನು ಮದ್ದು ಎಂದು ನಾನು ಕೊಡುವುದಿಲ್ಲ. ಬರೆದರೆ ಹಗುರ ಅನಿಸುತ್ತೆ ಅನ್ನುವ ಮಗು ಬರೆಯಲಿ. ಬೇಡ ಅನ್ನುವವರನ್ನು ಬಲವಂತ ಮಾಡುವುದು ಬೇಡ.

ಮನೆಯವರಿಗೆ ಒಂದು ಮಾತು, ಪ್ರೀತಿಯಿಂದಲೇ. ಎರಿನ್ ಮಲೋನಿ ಮತ್ತು ಸಂಗಡಿಗರ 2015ರ ಅಧ್ಯಯನದಲ್ಲಿ ಕಂಡದ್ದು ಹೀಗೆ. ತಮಗೇ ಗಣಿತವೆಂದರೆ ಆತಂಕವಿರುವ ತಂದೆತಾಯಿ ಹೋಮ್‌ವರ್ಕ್‌ಗೆ ಮೇಲಿಂದ ಮೇಲೆ ಸಹಾಯ ಮಾಡಿದಾಗ ಚಿಕ್ಕ ಮಕ್ಕಳು ಆ ವರ್ಷ ಕಲಿತದ್ದು ಕಮ್ಮಿ, ಹೆದರಿದ್ದು ಜಾಸ್ತಿ. ಯಾಕೆಂದು ಊಹಿಸುವುದು ಕಷ್ಟವಲ್ಲ. "ಇಷ್ಟೂ ಗೊತ್ತಾಗಲ್ವಾ?" ಅನ್ನುವ ದನಿ, ರಬ್ಬರ್ ಕಿತ್ತುಕೊಂಡು ತಾವೇ ಅಳಿಸುವ ಕೈ, ಕೊನೆಗೆ "ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ಹತ್ತಲ್ಲ" ಅನ್ನುವ ತೀರ್ಪು. ಲೆಕ್ಕ ಹೇಳಿಕೊಡಲು ಬಾರದ ಅಮ್ಮ ಸಹಾಯ ಮಾಡಲಾರಳು ಎಂದು ಇದರ ಅರ್ಥವಲ್ಲ. ನನಗೆ ಗೊತ್ತಿರುವ ಒಬ್ಬ ತಾಯಿ ಏಳನೇ ಕ್ಲಾಸ್ ಓದಿದವರು. ಮಗಳು ಲೆಕ್ಕ ಮಾಡುವಾಗ ಪಕ್ಕದಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಾರೆ. ಮುಗಿದ ಮೇಲೆ "ಇದನ್ನ ಹೆಂಗೆ ಮಾಡ್ದೆ, ನಂಗೊಂದು ಹೇಳು" ಅನ್ನುತ್ತಾರೆ. ಮಗಳು ಹೇಳುತ್ತಾಳೆ. ಹೇಳುವಾಗಲೇ ಎಷ್ಟೋ ಸಲ "ಅಯ್ಯೋ, ಇಲ್ಲಿ ಮೈನಸ್ ಬರಬೇಕಿತ್ತು" ಎಂದು ತಾನೇ ಹಿಡಿಯುತ್ತಾಳೆ. ಇದಕ್ಕಿಂತ ಒಳ್ಳೆಯ ಟ್ಯೂಷನ್ ನನಗೆ ಗೊತ್ತಿಲ್ಲ.

ಶಿಕ್ಷಕರಾದ ನಮಗೂ ಇದೇ ಮಾತು. ಉತ್ತರ ಪತ್ರಿಕೆ ಹಂಚುವಾಗ ಹೆಸರು, ಅಂಕ ಗಟ್ಟಿಯಾಗಿ ಓದುವುದನ್ನು ಬಿಡಬಹುದು. ಮಡಚಿ ಕೈಗೆ ಕೊಟ್ಟರೆ ನಮ್ಮ ಗಂಟೇನೂ ಹೋಗುವುದಿಲ್ಲ. ತಪ್ಪಿದ ಲೆಕ್ಕಗಳನ್ನು ಮಗು ಮತ್ತೆ ಮಾಡಿ ತಂದರೆ ಅದನ್ನೂ ನೋಡಿ ಸಹಿ ಹಾಕಬೇಕು. ಪರೀಕ್ಷೆ ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಕಲಿಯುವುದು ಶುರು ಎಂದು ಮಕ್ಕಳಿಗೆ ಕಾಣುವುದು ಹಾಗೆ.

ಕೆಲವು ಮಕ್ಕಳ ಹೆದರಿಕೆ ಇದನ್ನೆಲ್ಲ ದಾಟಿರುತ್ತದೆ. ನಿದ್ದೆ ಇಲ್ಲ, ಊಟ ಸೇರಲ್ಲ, ಪರೀಕ್ಷೆಯ ದಿನ ವಾಂತಿ, "ನಾನು ಇರೋದೇ ಬೇಡ" ಎಂಬ ಮಾತು. ಇದನ್ನು ನಾಟಕ ಅಂತ ಯಾರೂ ತಳ್ಳಿಹಾಕಬಾರದು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ತರಗತಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ಇನ್ನು ಹಿಂದಿನ ದಿನ. ವಾಟ್ಸ್ಆ್ಯಪ್‌ನಲ್ಲಿ ಬರುವ "ಈ ಸಲ ಬಂದೇ ಬರುವ ಪ್ರಶ್ನೆಗಳು" ತೆರೆಯಬೇಡಿ. ಹೊಸ ಲೆಕ್ಕ ಹಿಡಿಯಬೇಡಿ. ಚೆನ್ನಾಗಿ ಬರುವ ಎರಡು ಲೆಕ್ಕ, ಒಂದು ಪ್ರಮೇಯ ಬರೆದು ಪುಸ್ತಕ ಮುಚ್ಚಿ. ಹಾಲ್ ಟಿಕೆಟ್, ಎರಡು ಪೆನ್ನು, ಪೆನ್ಸಿಲ್, ಸ್ಕೇಲ್, ಕೈವಾರ ಚೀಲಕ್ಕೆ ಹಾಕಿಡಿ. ಕೈವಾರದ ತಿರುಪು ಸಡಿಲವಾಗಿದ್ದರೆ ಅವತ್ತೇ ಬಿಗಿ ಮಾಡಿ. ಮಾಮೂಲಿ ಊಟ, ಮಾಮೂಲಿ ನಿದ್ದೆ. ಪರೀಕ್ಷೆ ಮುಗಿಸಿ ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ನಿಂತು ಉತ್ತರ ತಾಳೆ ನೋಡಬೇಡಿ. ಅಲ್ಲಿ ಜೋರಾಗಿ ಹೇಳುವವನ ಉತ್ತರವೇ ಸರಿ ಅಂತೇನಿಲ್ಲ. ಕೀ ಉತ್ತರಗಳನ್ನು ಮಂಡಳಿಯೇ ಪ್ರಕಟಿಸುತ್ತದೆ. ಕೊನೆಯ ಪೇಪರ್ ಮುಗಿದ ಮೇಲೆ, ಹೊಟ್ಟೆ ತುಂಬಾ ಉಂಡು, ನಿಧಾನವಾಗಿ ನೋಡಬಹುದು.